ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದ ಲಿಬ್ರೆಆಫೀಸ್ ಸರಿಹೋದದ್ದು

ಹೋದ ವಾರ ಲಿಬ್ರೆಆಫೀಸ್ (ಪತ್ರ, ಟಿಪ್ಪಣಿ ಬರೆಯುವ ಉಚಿತ ಪ್ರೋಗ್ರಾಮ್) ತೆರೆದಿದ್ದಾಗಲೇ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯಿತು. ಆಮೇಲಿಂದ ಒಂದೇ ಪಾಡು. ಲೋಗೋ ಬರುತ್ತದೆ, ಗೆರೆ ಅರ್ಧ ತುಂಬುತ್ತದೆ, ಮಾಯ! ಅಮ್ಮ ಹೇಳಿ ಬರೆಸಿದ ಅಡುಗೆ ಟಿಪ್ಪಣಿಗಳೆಲ್ಲ ಅದರಲ್ಲೇ ಇದ್ದವು, ತುಂಬಾ ಗಾಬರಿಯಾಯಿತು.

ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಯಾಕೆಂದರೆ ನಮ್ಮ ಸೆಟ್ಟಿಂಗ್‌ಗಳಿರುವ ಯೂಸರ್ ಪ್ರೊಫೈಲ್ ಬೇರೆ ಕಡೆ ಇರುತ್ತದೆ, ಪ್ರೋಗ್ರಾಮ್ ತೆಗೆದರೂ ಅದು ಹಾಗೇ ಉಳಿಯುತ್ತದೆ. ಕೆಟ್ಟಿದ್ದು ಅದೇ ಇದ್ದರೆ ಎಷ್ಟು ಸಲ ಹಾಕಿದರೂ ಅಷ್ಟೇ ಅಲ್ವಾ?

ಖಾತ್ರಿ ಮಾಡಿಕೊಳ್ಳಲು ಸ್ಟಾರ್ಟ್ ಮೆನುವಿನಿಂದ ಸೇಫ್ ಮೋಡ್‌ನಲ್ಲಿ ತೆರೆದೆ. ಅದು ತಾತ್ಕಾಲಿಕ ಪ್ರೊಫೈಲ್ ಬಳಸುತ್ತದೆ. ತಕ್ಷಣ ತೆರೆಯಿತು! ಅಲ್ಲಿಗೆ ಅರ್ಧ ಜೀವ ಬಂತು.

ಪ್ರೋಗ್ರಾಮ್ ಮುಚ್ಚಿ, ವಿಂಡೋಸ್‌ನ ಆಪ್‌ಡೇಟಾ ಅನ್ನುವ ಅಡಗಿದ ಫೋಲ್ಡರಿನಲ್ಲಿ ರೋಮಿಂಗ್, ಅದರೊಳಗೆ ಲಿಬ್ರೆಆಫೀಸ್, ಅದರೊಳಗೆ 4 ಅನ್ನುವ ಫೋಲ್ಡರ್‌ಗೆ ಹೋದೆ (ಆವೃತ್ತಿ ಹೊಸದಾದರೂ ಅಲ್ಲಿ 4 ಅಂತಲೇ ಇರುತ್ತದೆ, ಗೊಂದಲ ಬೇಡ). ಅಲ್ಲಿನ ಯೂಸರ್ ಫೋಲ್ಡರಿನ ಹೆಸರು ಬದಲಾಯಿಸಿದೆ, ಅಳಿಸಲಿಲ್ಲ. ದಯವಿಟ್ಟು ನೀವೂ ಅಳಿಸಬೇಡಿ, ನಿಮ್ಮ ಸ್ವಂತ ಪದಕೋಶ, ಟೆಂಪ್ಲೇಟ್‌ಗಳು ಅದರಲ್ಲೇ ಇರುತ್ತವೆ. ಮತ್ತೆ ತೆರೆದಾಗ ಹೊಸ ಪ್ರೊಫೈಲ್ ತಾನಾಗಿಯೇ ಆಯಿತು. ಹಳೆಯದರಿಂದ ಸ್ವಂತ ಪದಕೋಶವಿರುವ ವರ್ಡ್‌ಬುಕ್ ಫೋಲ್ಡರ್ ಮಾತ್ರ ಕಾಪಿ ಮಾಡಿಕೊಂಡೆ. ಟಿಪ್ಪಣಿಗಳು ಡಾಕ್ಯುಮೆಂಟ್ಸ್‌ನಲ್ಲಿ ಸುರಕ್ಷಿತವಾಗಿದ್ದವು.