ಸೀರೆ ಬಣ್ಣವನ್ನು ಅಂಗಡಿ ಬಾಗಿಲಿಗೆ ತಂದು ನೋಡಿ

ಅಂಗಡಿಯಲ್ಲಿ ಸೀರೆ ಬಿಚ್ಚಿ ಹರಡಿದ ತಕ್ಷಣ ಮನಸ್ಸು ಸೋಲುತ್ತದೆ. ಆದರೆ ಅಲ್ಲೇ ಕೂತು ತೀರ್ಮಾನ ಮಾಡಬೇಡಿ. ಬಾಗಿಲ ಹತ್ತಿರ ತಂದು ಹಗಲು ಬೆಳಕಿನಲ್ಲಿ ನೋಡಿ. ಒಳಗಿನ ಲೈಟಿನಡಿ ನೇರಳೆ ಅಂದುಕೊಂಡದ್ದು ಹೊರಗೆ ಬಂದರೆ ಕಂದು ಮಿಶ್ರಿತ ಬದನೆಕಾಯಿ ಬಣ್ಣ ಆಗಿರಬಹುದು. ನೆತ್ತಿ ಬಿಸಿಲು ಬೇಡ, ಅದರಲ್ಲಿ ಎಲ್ಲಾ ಬಣ್ಣವೂ ಬಿಳಚಿಕೊಂಡ ಹಾಗೆ ಕಾಣುತ್ತದೆ. ನೆರಳಿನ ಬೆಳಕೇ ಸರಿ. ಸಂಜೆಯ ಆರತಕ್ಷತೆಗೆ ಉಡುವ ಸೀರೆಯಾದರೆ ಹಳದಿ ಬಲ್ಬಿನ ಕೆಳಗೂ ಒಮ್ಮೆ ಹಿಡಿಯಿರಿ. ಆ ಬೆಳಕಿಗೆ ನೀಲಿ ಮಂಕಾಗುತ್ತದೆ, ಕೆಂಪು ಕೇಸರಿ ಮೆರೆಯುತ್ತವೆ.

ರೇಷ್ಮೆಯಲ್ಲಿ ಇನ್ನೊಂದು ವಿಷಯ ಇದೆ. ಹಾಸಿನ ದಾರ, ಅಂದರೆ ಉದ್ದಕ್ಕೆ ಹೋಗುವುದು, ಒಂದು ಬಣ್ಣ, ಅಡ್ಡ ಹೋಗುವ ಹೊಕ್ಕಿನ ದಾರ ಇನ್ನೊಂದು ಬಣ್ಣ ಇದ್ದರೆ ಸೀರೆ ಡಬಲ್ ಶೇಡ್ ಆಗುತ್ತದೆ. ನವಿಲು ಕತ್ತಿನ ಬಣ್ಣ ಅಂತೀವಲ್ಲ, ಅದು ಹೀಗೇ ಬರುವುದು. ಅಂಥ ಸೀರೆಯನ್ನು ಹರಡಿ ನೋಡಿದರೆ ಸಾಲದು. ನಾಲ್ಕು ನೆರಿಗೆ ಹಿಡಿದು ಅತ್ತಿತ್ತ ಆಡಿಸಿ. ಮಡಿಕೆಯಲ್ಲಿ ಯಾವ ಬಣ್ಣ ಮುಂದೆ ಬರುತ್ತದೋ ಅದೇ ಉಟ್ಟಾಗ ಜನರಿಗೆ ಕಾಣುವ ಬಣ್ಣ.

ಈಗಿನ ಹುಡುಗಿಯರಿಗೆ ಮ್ಯಾಚಿಂಗ್ ಹುಚ್ಚು ಜಾಸ್ತಿ. ಸೀರೆ, ರವಿಕೆ, ಬಳೆ, ಚಪ್ಪಲಿ, ಕೊನೆಗೆ ಮೊಬೈಲ್ ಕವರ್ ಕೂಡ ಒಂದೇ ಬಣ್ಣ! ನನಗೇನೋ ಅದು ಸಪ್ಪೆ. ನಮ್ಮ ಕಡೆ ನೇಯುವವರ ಕಣ್ಣು ಹಾಗಿರಲಿಲ್ಲ. ಇಳಕಲ್ ಸೀರೆಯನ್ನೇ ನೋಡಿ. ಒಡಲು ದಾಳಿಂಬೆ ಕೆಂಪೋ ಗಿಳಿ ಹಸಿರೋ ನವಿಲು ಹಸಿರೋ ಇರಲಿ, ಸೆರಗು ಮಾತ್ರ ಕೆಂಪು, ಅದರ ಮೇಲೆ ತೋಪು ತೆನೆ ಅನ್ನುವ ಬಿಳಿ ವಿನ್ಯಾಸ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಮಗ್ಗದ ಮೇಲೆ ಕೊಂಡಿ ಹಾಕಿ ಜೋಡಿಸುತ್ತಾರೆ. ಮೇಲೆ ತೊಡುವುದು ಗುಳೇದಗುಡ್ಡದ ಖಣದ ರವಿಕೆ. ಅದು ಸೀರೆಯ ಬಣ್ಣದ್ದೇ ಆಗಬೇಕು ಅಂತ ಯಾರೂ ಹಟ ಹಿಡಿಯುವುದಿಲ್ಲ. ಹಸಿರು ಸೀರೆಗೆ ಕಡುಕೆಂಪು ಖಣ ತೊಟ್ಟರೆ ಹಸಿರು ಇನ್ನಷ್ಟು ಹಸಿರಾಗಿ ಕಾಣುತ್ತದೆ. ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ ಬಣ್ಣದ ಬೆಲೆ. ಹಾಗಾಗಿ ರವಿಕೆಗೆ ಬಟ್ಟೆ ಹುಡುಕುವಾಗ ಒಡಲನ್ನು ಬಿಟ್ಟು, ಅಂಚಿನಲ್ಲೋ ಬುಟ್ಟಾದಲ್ಲೋ ಸಣ್ಣಗೆ ಇರುವ ಒಂದು ಬಣ್ಣ ಆರಿಸಿಕೊಳ್ಳಿ. ಹಳೇ ಸೀರೆಗೂ ಹೊಸ ಕಳೆ ಬರುತ್ತದೆ.

ಕಪ್ಪು ಅಶುಭ ಅನ್ನುವವರು ತುಂಬಾ ಜನ. ಅವರ ಕೊರಳಲ್ಲೇ ಕರಿಮಣಿ ಇರುತ್ತದೆ, ಅಲ್ವಾ? ಮಗುವಿನ ಕೆನ್ನೆಗೆ ದೃಷ್ಟಿ ಬೊಟ್ಟು ಇಡುವುದೂ ಕಪ್ಪಲ್ಲೇ. ಧಾರವಾಡದ ಕಡೆ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿ ಶುಭಕಾರ್ಯಕ್ಕೇ ಉಡುತ್ತಿದ್ದರು. ಕೊಡಗಿಗೆ ಹೋದರೆ ಗಂಡಸರು ತೊಡುವ ಕುಪ್ಯ ಅನ್ನುವ ನಿಲುವಂಗಿ ಕಪ್ಪು, ಮದುಮಗನದು ಮಾತ್ರ ಬಿಳಿ. ಊರು ಬದಲಾದರೆ ಬಣ್ಣದ ಅರ್ಥವೂ ಬದಲು. ಹಿರಿಯರಿರುವ ಮನೆಯ ಕಾರ್ಯಕ್ಕೆ ಹೋಗುವಾಗ ಆ ಮನೆಯ ರೂಢಿ ಒಂದು ಮಾತು ಕೇಳಿಕೊಂಡು ಹೋಗಿ, ಅಷ್ಟೇ. ಆದರೆ ಗಂಡ ಹೋದವಳು ಬಣ್ಣ ಉಡಬಾರದು, ಹಸಿರು ಬಳೆ ಹಾಕಬಾರದು ಅನ್ನುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಅಂಥ ಅಕ್ಕನೋ ಅತ್ತೆಯೋ ಇದ್ದರೆ ಹಬ್ಬಕ್ಕೆ ಅವರಿಗೂ ಒಂದು ಒಳ್ಳೇ ಬಣ್ಣದ ಸೀರೆಯನ್ನೇ ತನ್ನಿ.

ಮೈಬಣ್ಣದ ಮಾತೂ ಹಾಗೇ. ಕಪ್ಪಗಿರುವವರಿಗೆ ಗಾಢ ಬಣ್ಣ ಒಪ್ಪುವುದಿಲ್ಲ ಅಂತ ಯಾರು ಹೇಳಿದರೋ! ಅರಿಶಿನ, ಕುಂಕುಮ, ಮಾವಿನ ಚಿಗುರಿನ ಬಣ್ಣ ಕಪ್ಪು ಮೈಗೆ ಒಪ್ಪುವಷ್ಟು ಇನ್ಯಾರಿಗೂ ಒಪ್ಪುವುದಿಲ್ಲ. ಬಟ್ಟೆಯನ್ನು ಕೈಮೇಲೆ ಇಟ್ಟು ನೋಡಬೇಡಿ, ಗಲ್ಲದ ಕೆಳಗೆ ಹಿಡಿದು ಕನ್ನಡಿ ನೋಡಿ. ಮುಖ ಕಳೆಗಟ್ಟಿತೋ ಬಾಡಿತೋ ಗೊತ್ತಾಗಿಬಿಡುತ್ತದೆ.

ರಾಯಚೂರು, ಕಲಬುರಗಿಯ ಬೇಸಿಗೆಗೆ ತಿಳಿ ಬಣ್ಣದ ಸಡಿಲ ಹತ್ತಿ ಬಟ್ಟೆಯೇ ಸರಿ. ಕಡು ಬಣ್ಣ ಬಿಸಿಲನ್ನು ಹೀರಿಕೊಂಡು ಕಾಯುತ್ತದೆ.

ಇನ್ನು ಒಗೆಯುವ ವಿಷಯ. ಹೊಸ ಕೆಂಪು, ಕಡು ನೀಲಿ ಹತ್ತಿ ಬಟ್ಟೆ ತಂದರೆ ಒಂದು ಬಿಳಿ ಕರ್ಚೀಫು ಒದ್ದೆ ಮಾಡಿ, ಒಳ ಅಂಚಿನಲ್ಲಿ ಒತ್ತಿ ಉಜ್ಜಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಮೊದಲ ಕೆಲವು ಸಲ ಬೇರೆ ಬಕೆಟ್ಟಿನಲ್ಲಿ, ತಣ್ಣೀರಿನಲ್ಲಿ ಒಗೆಯಿರಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದನ್ನೇ ನಂಬಿ ಬಿಳಿ ಬಟ್ಟೆ ಜೊತೆ ಹಾಕಬೇಡಿ. ಒಣ ಹಾಕುವಾಗ ಒಳಮೈ ಹೊರಗೆ ಬರುವ ಹಾಗೆ ತಿರುವಿ, ನೆರಳಿಗೆ ಹಾಕಿ. ಬಿಳಿ ಬಟ್ಟೆಗೆ ನೀಲಿ ಹಾಕುವುದಾದರೆ ಮೊದಲು ನೀರಿಗೆ ಕೆಲವೇ ಹನಿ ಬಿಟ್ಟು ಕದಡಿ, ಆಮೇಲೆ ಬಟ್ಟೆ ಅದ್ದಿ. ಬಟ್ಟೆ ಮೇಲೆಯೇ ಸುರಿದರೆ ಕಲೆ ಕಲೆ.

ಬಿಳಿ ಅಂಗಿಗೆ ಸಾಂಬಾರ್ ಬಿದ್ದರೆ ಸೋಪು ಹಚ್ಚಿದ ಕೂಡಲೇ ಹಳದಿ ಕಲೆ ಕೆಂಪಾಗುತ್ತದೆ. ಗಾಬರಿ ಬೇಡ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಆರತಿ ನೀರು ಕೆಂಪಾಗುತ್ತದಲ್ಲ, ಇದೂ ಅದೇ ಸಂಗತಿ. ಸೋಪು ಪೂರ್ತಿ ಹೋಗುವ ಹಾಗೆ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಆಮೇಲೆ ಒದ್ದೆಯಾಗಿರುವಾಗಲೇ ಕಲೆ ಮೇಲೆ ಮಾಡಿ ಚುರುಕು ಬಿಸಿಲಿಗೆ ಹಾಕಿ. ಅರಿಶಿನಕ್ಕೆ ಬಿಸಿಲು ಆಗದು, ಸಂಜೆ ಹೊತ್ತಿಗೆ ಮಾಸಿರುತ್ತದೆ. ಪೂರ್ತಿ ಹೋಗದಿದ್ದರೆ ಮಾರನೇ ದಿನ ಇನ್ನೊಂದು ಸಲ. ಬಣ್ಣದ ಅಂಗಿಗೆ ಮಾತ್ರ ಈ ಉಪಾಯ ಬೇಡ, ಕಲೆ ಜೊತೆ ಅಂಗಿಯ ಬಣ್ಣವೂ ಹೋದೀತು.