ಸಂತೆ ವಾರ ನೋಡಿ ಊರು ಆರಿಸಿ
ಗೋವಾದಲ್ಲಿ ಹಳ್ಳಿ ಕಡೆ ಕಾರು ತಗೊಂಡು ಹೊರಡುವವರು ಮೊದಲು ಸಂತೆ ಯಾವ ವಾರ ಅಂತ ಕೇಳಿಕೊಳ್ಳಿ, ಆ ದಿನಕ್ಕೇ ಆ ಊರು ಇಟ್ಟುಕೊಳ್ಳಿ. ಸುತ್ತಲಿನವರು ಬೆಳೆದದ್ದನ್ನೆಲ್ಲ ತರುವುದು ಅಂದೇ, ಇಡೀ ಸೀಮೆ ಒಂದೇ ಕಡೆ ನೋಡಸಿಗುತ್ತದೆ. ಮಾಪ್ಸಾ ಸಂತೆ ಶುಕ್ರವಾರ, ಬೆಳಗ್ಗೆ ಬೇಗ ಹೋಗಿ: ಮೊಯ್ರಾದ ದಪ್ಪ ಬಾಳೆಹಣ್ಣು, ಒಣಮೀನು, ಮಣ್ಣಿನ ಮಡಕೆ ಸಾಲುಸಾಲು. ಅಲ್ಲಿಂದ ಮೊಯ್ರಾ, ಅಲ್ದೋನಾ ದಾಟಿ ಕೇಬಲ್ ಸೇತುವೆ ಮೇಲೆ ಕೊರ್ಜುವೆ ಕೋಟೆಗೆ ಹೋಗುವ ದಾರಿ ನನಗಂತೂ ಬೀಚ್ ರಸ್ತೆಗಿಂತ ಇಷ್ಟ. ಗದ್ದೆ, ಹೊಳೆ, ಹಳೇ ಹೆಂಚಿನ ಮನೆಗಳು. ಜೋರು ಮಳೆಯಲ್ಲಿ ಈ ಲೆಕ್ಕ ಕೈಕೊಡುತ್ತದೆ, ಸಂತೆ ಅರ್ಧಕ್ಕೇ ಚದುರುತ್ತದೆ. ಮಧ್ಯಾಹ್ನ 1ರಿಂದ 4ರವರೆಗೆ ಸಣ್ಣ ಊರಿನ ಎಷ್ಟೋ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಮಕ್ಕಳಿದ್ದರೆ ನೀರು, ಹಣ್ಣು ಸಂತೆಯಲ್ಲೇ ತಗೊಂಡುಬಿಡಿ.