ಊರಿಗೆ ಹೋಗದ ಕ್ರಿಸ್ಮಸ್: ಮೂವರಿಗೆ ಸಾಕಾಗುವ ಕುಸ್ವಾರ್

ಮಂಗಳೂರಿನ ದೊಡ್ಡ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್‌ಗೆ ಮಾಡಿ ಹಂಚುವ ತಿಂಡಿಗಳ ಲೆಕ್ಕ ಕಿಲೋಗಟ್ಟಲೆ ಮೈದಾದಿಂದ ಶುರುವಾಗುತ್ತದೆ, ಮಾಡಲು ಆರೆಂಟು ಕೈಗಳಿರುತ್ತವೆ. ಅದೇ ಲೆಕ್ಕ ಹಿಡಿದುಕೊಂಡು ಬೆಂಗಳೂರಿನ ಮನೆಯಲ್ಲಿ ಮೂವರೇ ಹಬ್ಬಕ್ಕೆ ಕೂತರೆ 23ನೇ ತಾರೀಕಿಗೇ ಕೈ ಸೋತುಹೋಗುತ್ತದೆ. ನಾನು ಯಾವ ತಿಂಡಿಗೂ ಕಾಲು ಕಿಲೋ ಹಿಟ್ಟು ದಾಟುವುದಿಲ್ಲ, ಮೂರು ಬಗೆ ಮೀರುವುದೂ ಇಲ್ಲ: ಕಿಡ್ಯೊ (ಸುರುಳಿ ಸುತ್ತಿ ಕರಿದು ಸಕ್ಕರೆ ಹತ್ತಿಸಿದ ತುಣುಕು), ಕೊಕ್ಕಿಸಾಂ (ಅಚ್ಚಿನಲ್ಲಿ ಕರಿಯುವ ಹೂವಿನಾಕಾರದ ಗರಿಗರಿ ತಿಂಡಿ), ನೆವ್ರ್ಯೊ (ಎಳ್ಳು-ಕೊಬ್ಬರಿ ತುಂಬಿದ ಕರಿಗಡುಬು). ಅಕ್ಕಪಕ್ಕದ ನಾಲ್ಕು ಮನೆಗೆ ತಟ್ಟೆ ಕಳಿಸಿಯೂ ಡಬ್ಬಿಯಲ್ಲಿ ಉಳಿಯುತ್ತದೆ.

ಈ ಸಲ ಬರುವುದಿಲ್ಲ ಎಂದು ಊರಿನ ಹಿರಿಯರಿಗೆ ನವೆಂಬರ್‌ನಲ್ಲೇ ಹೇಳಿಬಿಡಬೇಕು. ಅಲ್ಲಿ ತಯಾರಿ ತಲೆ ಎಣಿಸಿ ನಡೆಯುತ್ತದೆ; ಕೊನೆಯ ವಾರ ಹೇಳಿದರೆ ಬೇಸರವೂ ಹೌದು, ಬಸ್ಸಿನಲ್ಲಿ ಒಂದು ಮೂಟೆ ತಿಂಡಿ ಬರುವುದೂ ಖಂಡಿತ.

ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ ಹಸಿರಿಗೆ ಡಿಸೆಂಬರ್ 12ರ ಸುಮಾರಿಗೆ ರಾಗಿ ನೆನೆಹಾಕುತ್ತೇನೆ. ಒಂದು ರಾತ್ರಿ ನೆನೆದ ಕಾಳನ್ನು ಎರಡು ಬೆರಳು ದಪ್ಪ ಮಣ್ಣು ಹರಡಿದ ಟ್ರೇಯಲ್ಲಿ ಒತ್ತಾಗಿ ಚೆಲ್ಲಿ, ಮೊಳಕೆ ಕಾಣುವತನಕ ಒದ್ದೆ ಬಟ್ಟೆ ಮುಚ್ಚುವುದು. ಭತ್ತವೂ ಆಗುತ್ತದೆ, ಆದರೆ ಬೆಂಗಳೂರಿನ ಚಳಿಗೆ ನಿಧಾನ, ನಾಲ್ಕು ದಿನ ಮೊದಲೇ ಹಾಕಬೇಕು. ನೀರು ಚಿಮುಕಿಸಿದರೆ ಸಾಕು. ಸುರಿದರೆ ಬೂಸ್ಟು ಬರುತ್ತದೆ. ಬಾಲಯೇಸುವನ್ನು ಇಡುವುದು 24ರ ರಾತ್ರಿಯೇ.

ಕರಿಯುವುದಕ್ಕೆ ಒಂದು ಕ್ರಮವಿದೆ. ಮೊದಲು ಕಿಡ್ಯೊ. ಕಾಲು ಕಿಲೋ ಮೈದಾಗೆ ಒಂದು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು ತಿಕ್ಕಿ, ಗಟ್ಟಿ ತೆಂಗಿನ ಹಾಲಿನಲ್ಲಿ ಚಪಾತಿ ಹಿಟ್ಟಿಗಿಂತ ಬಿಗಿಯಾಗಿ ಕಲಸಿ ಅರ್ಧ ಗಂಟೆ ಬಿಡಬೇಕು. ಗೋಲಿ ಗಾತ್ರದ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುತ್ತುವುದು. ಸುತ್ತು ದಪ್ಪವಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಇದೊಂದು ಕೆಲಸ ಮಕ್ಕಳಿಗೆ ಬಿಡಬಹುದು, ವಕ್ರವಾದರೆ ಯಾರೂ ಕೇಳುವುದಿಲ್ಲ. ಸಕ್ಕರೆ ಪಾಕ ಎರಡೆಳೆ ಬಂದ ಮೇಲೆ ಒಲೆ ಆರಿಸಿ, ಕರಿದು ತಣಿದ ಕಿಡ್ಯೊ ಹಾಕಿ, ಬಿಳಿ ಪುಡಿ ಕಟ್ಟುವವರೆಗೂ ಕೈಯಾಡಿಸಬೇಕು. ಪಾಕ ಎರಡೆಳೆ ಬರದಿದ್ದರೆ ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತದೆ.

ಆಮೇಲೆ ಕೊಕ್ಕಿಸಾಂ. ಕಾಲು ಕಿಲೋ ಮೈದಾ, ಎರಡು ಮೊಟ್ಟೆ, 80 ಗ್ರಾಂ ಸಕ್ಕರೆ, ದೋಸೆ ಹಿಟ್ಟಿಗಿಂತ ತುಸು ತೆಳ್ಳಗಾಗುವಷ್ಟು ತೆಂಗಿನ ಹಾಲು, ಸ್ವಲ್ಪ ಕರಿಎಳ್ಳು. ಸಕ್ಕರೆ ಹೆಚ್ಚಾದರೆ ಗರಿಯಾಗುವ ಮೊದಲೇ ಕಪ್ಪಾಗುತ್ತದೆ. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಹಿಟ್ಟು ಅಂಚು ಕಚ್ಚಿ ಬಿಡುವುದೇ ಇಲ್ಲ. ಅದ್ದಿದಾಗ ಚುಂಯ್ ಎನ್ನದಿದ್ದರೆ ಅಚ್ಚು ತಣ್ಣಗಿದೆ ಎಂದು ಅರ್ಥ. ಅದ್ದಿದ ಕೂಡಲೇ ಹಿಟ್ಟು ಜಾರಿ ಬಿದ್ದರೆ ಕಾವು ಜಾಸ್ತಿಯಾಗಿದೆ. ಹೊಸ ಅಚ್ಚನ್ನು ಹಿಂದಿನ ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಿ.

ನೆವ್ರ್ಯೊ ಕಡೆಗೆ, ಏಕೆಂದರೆ ಒಂದು ಒಡೆದರೂ ಎಳ್ಳು ಸುಟ್ಟು ಬಾಣಲೆಯ ಎಣ್ಣೆಯೆಲ್ಲ ಹಾಳು. ಹುರಿದ ಎಳ್ಳು 100 ಗ್ರಾಂ, ಒಣಕೊಬ್ಬರಿ 50, ಪುಡಿ ಸಕ್ಕರೆ 100, ಗೋಡಂಬಿ ಚೂರು, ಏಲಕ್ಕಿ. ಹಸಿ ತೆಂಗಿನಕಾಯಿ ಬೇಡ, ವಾರದೊಳಗೆ ಮುಗ್ಗುತ್ತದೆ. ಲಟ್ಟಿಸಿದ ಒಂದೊಂದು ಹಾಳೆಗೆ ಹೂರಣ ಒಂದೂವರೆ ಚಮಚ ಸಾಕು. ಅಂಚಿಗೆ ನೀರು ಸವರಿ ಒತ್ತಿ, ಒಳಗೆ ಗಾಳಿ ನಿಲ್ಲದಂತೆ ನೋಡಿಕೊಳ್ಳಬೇಕು. ಎಲ್ಲವೂ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ.

ಬಫಾತ್, ಅಂದರೆ ಮಸಾಲೆ ಹಾಕಿದ ಹಂದಿ ಮಾಂಸದ ಸಾರು, 23ರ ಸಂಜೆಯೇ ಆಗಿಬಿಡಲಿ. ಒಂದು ದಿನ ಕೂತರೇ ಅದಕ್ಕೆ ರುಚಿ. ಕೊಬ್ಬಿರುವ ಹಂದಿ ಮಾಂಸ ಒಂದು ಕಿಲೋ, ಈರುಳ್ಳಿ ನಾಲ್ಕು, ಶುಂಠಿ, ಒಂದು ಗಡ್ಡೆ ಬೆಳ್ಳುಳ್ಳಿ, ಹಸಿಮೆಣಸು ಐದು, ಬಫಾತ್ ಪುಡಿ (ಇದಕ್ಕೆಂದೇ ಇರುವ ಮಸಾಲೆ ಪುಡಿ) ನಾಲ್ಕು ದೊಡ್ಡ ಚಮಚ, ವಿನೆಗರ್ ಎರಡು ಚಮಚ, ಉಪ್ಪು. ಎಣ್ಣೆ ಹಾಕುವುದಿಲ್ಲ. ಅರ್ಧ ಲೋಟ ನೀರಿನೊಂದಿಗೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಒಂದು ಗಂಟೆ. ಬರೀ ಮಾಂಸ ಕೇಳಿ ತಂದರೆ ನಾರುನಾರಾಗುತ್ತದೆ.

ಬೆಂಗಳೂರಿನಲ್ಲಿ ಕೈಕೊಡುವುದು ಸಾನ್ನಾಂ, ಅಂದರೆ ಬಫಾತ್ ಜೊತೆಗಿನ ಇಡ್ಲಿಯಂಥ ಹಬೆ ತಿಂಡಿ. ಡಿಸೆಂಬರ್ ರಾತ್ರಿಗೆ ಹಿಟ್ಟು ಉಬ್ಬುವುದಿಲ್ಲ. ಎರಡು ಲೋಟ ಇಡ್ಲಿ ಅಕ್ಕಿ, ಅರ್ಧ ಲೋಟ ಉದ್ದು ರುಬ್ಬಿ, ಅರ್ಧ ಚಮಚ ಈಸ್ಟನ್ನು ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆಯಲ್ಲಿ ನೊರೆ ಬರಿಸಿ ಬೆರೆಸುತ್ತೇನೆ. ನೀರು ಸುಡುವಂತಿದ್ದರೆ ಈಸ್ಟ್ ಸಾಯುತ್ತದೆ. ಪಾತ್ರೆಯನ್ನು ಓವನ್ ಒಳಗೆ ದೀಪ ಮಾತ್ರ ಉರಿಸಿ ಇಟ್ಟರೆ ಎರಡು ಗಂಟೆಯಲ್ಲಿ ಉಬ್ಬುತ್ತದೆ. ಉಪ್ಪು ಉಬ್ಬಿದ ಮೇಲೆ, ಸೌಟಿನಿಂದ ಜೋರಾಗಿ ಕಲಕದೆ. ಬಟ್ಟಲಿಗೆ ಅರ್ಧದಷ್ಟೇ ಹೊಯ್ದು 15 ನಿಮಿಷ ಹಬೆ.

ಕ್ರಿಸ್ಮಸ್ ಬಲಿಪೂಜೆಯ (ಚರ್ಚಿನ ಆರಾಧನೆಯ) ಸಮಯವನ್ನು ಒಂದು ವಾರ ಮೊದಲೇ ಚರ್ಚಿನಲ್ಲಿ ಕೇಳಿಟ್ಟುಕೊಳ್ಳಿ. ಈಗ ಎಷ್ಟೋ ಕಡೆ ನಡುರಾತ್ರಿಗೆ ಕಾಯದೆ 24ರ ಸಂಜೆಯೇ ಮುಗಿಸುತ್ತಾರೆ. ಊರಿಗೆ ವಿಡಿಯೊ ಕರೆ 25ರ ಬೆಳಿಗ್ಗೆ ಹತ್ತರೊಳಗೆ, ಆಮೇಲೆ ಅಲ್ಲಿ ನೆಂಟರ ಗದ್ದಲ, ಮಾತು ಕೇಳಿಸುವುದಿಲ್ಲ. ಗೋದಲಿಯನ್ನು ಜನವರಿ 6ರ, ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಹಬ್ಬದವರೆಗೂ ತೆಗೆಯುವುದಿಲ್ಲವಾದ್ದರಿಂದ ರಾಗಿ ಪೈರು ಬಾಗತೊಡಗಿದಾಗ ಕತ್ತರಿಯಿಂದ ಒಂದು ಅಂಗುಲ ಸವರಿಬಿಡಿ.